ಹಗೇವಿನ ಬಾಯಿಯ ಮೇಲೆ ಹಾಕಿದ ನೆಲ

ಕಟ್ಟಡದ ಕೆಲಸ ಕಲಿಯುತ್ತಿರುವ ನಾಲ್ಕೈದು ಮಂದಿ ಹುಡುಗ ಹುಡುಗಿಯರು ಹೋದ ತಿಂಗಳು ಚಂದಕವಾಡಿಯ ನಮ್ಮ ಮನೆಗೆ ಬಂದಿದ್ದರು. ಜಗಲಿಯ ಮೇಲೆ ಕೂತು ಪುಸ್ತಕ ಬಿಚ್ಚಿಕೊಂಡು, ಅಜ್ಜಿ ನೀವು ಕೂಲಿಯಿಂದ ಗಾರೆಯವರಾಗಿದ್ದು ಯಾವಾಗ, ಗಾರೆಯವರಿಂದ ಮೇಸ್ತ್ರಿಯಾಗಿದ್ದು ಯಾವಾಗ, ಕಂಟ್ರಾಕ್ಟು ಹಿಡಿದಿದ್ದು ಯಾವಾಗ ಎಂದು ಒಂದೊಂದಾಗಿ ಕೇಳಿದರು. ನನಗೆ ರೇಗಿತು. ಅದೆಲ್ಲ ಆಗಬೇಕಾದಾಗ ಆಯಿತು, ಬರೆದುಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ ಎಂದೆ. ಮಕ್ಕಳ ಮುಖ ಬಾಡಿತು. ಅವರು ಹೋದ ಮೇಲೆ, ಪಾಪ ಬಿಸಿಲಿನಲ್ಲಿ ಅಷ್ಟು ದೂರದಿಂದ ಬಂದವರು ಅನ್ನಿಸಿ, ಅವರು ಕೇಳದೆ ಬಿಟ್ಟದ್ದನ್ನು ನಾನೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ತಿದ್ದಿಕೊಡುತ್ತೇನೆ ಎಂದಳು. ಬೇಡ ಎಂದೆ. ನನ್ನ ಕೆಲಸದ ಮೇಲೆ ಇನ್ನೊಬ್ಬರು ಕರಣೆ ಆಡಿಸುವುದು ನನಗೆ ಎಂದೂ ಸೇರಿದ್ದಿಲ್ಲ.

ಕರಣೆ ನಿಮಗೆ ಗೊತ್ತು, ಗಾರೆ ಬಳಿಯುವ ಚಪ್ಪಟೆ ಕಬ್ಬಿಣ. ಈಗ ಅದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ನಾನು ಕೆಲಸಕ್ಕೆ ಸೇರಿದಾಗ ಅದು ಗಂಡಸರ ಕೈಯಲ್ಲಿ ಮಾತ್ರ ಇತ್ತು. ಸುಣ್ಣ ನೆನೆಹಾಕುವುದು, ಗಾರೆ ಹೊರುವುದು, ಹಾಕಿದ ನೆಲವನ್ನು ನುಣ್ಣನೆಯ ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸುವುದು ಹೆಂಗಸರದು. ಹೆಂಗಸು ಕರಣೆ ಮುಟ್ಟಿದರೆ ಗೋಡೆ ಬಿರಿಯುತ್ತದೆ ಎಂದು ಗಂಡಸರು ಹೇಳುತ್ತಿದ್ದರು. ತಳಪಾಯ ಸರಿಯಿಲ್ಲದಿದ್ದರೆ ಗೋಡೆ ಬಿರಿಯುತ್ತದೆ ಎಂಬುದು ಹನ್ನೆರಡು ವರ್ಷದ ನನಗೇ ಗೊತ್ತಿತ್ತು. ಹೇಳಿದರೆ ಕೂಲಿ ಹೋಗುತ್ತದೆ ಎಂದು ಅವ್ವ ತೊಡೆ ಚಿವುಟುತ್ತಿದ್ದಳು, ಸುಮ್ಮನಿರುತ್ತಿದ್ದೆ.

ನಮ್ಮ ಮೇಸ್ತ್ರಿ ಮಾರಯ್ಯ. ಕೈ ಚಿನ್ನ, ಬಾಯಿ ಬೆಂಕಿ. ಗೋಡೆಯನ್ನು ಬೆರಳ ಗಿಣ್ಣಿನಲ್ಲಿ ಒಂದು ಸಲ ತಟ್ಟಿ, ಗಾರೆ ಎಲ್ಲಿ ಹಿಡಿದಿದೆ ಎಲ್ಲಿ ಪೊಳ್ಳಾಗಿದೆ ಎಂದು ಹೇಳಿಬಿಡುತ್ತಿದ್ದ. ಆ ತಟ್ಟುವುದನ್ನು ಅವನು ನನಗೆ ಕಲಿಸಲಿಲ್ಲ. ಅವನು ತಟ್ಟುವಾಗ ಗಾರೆಯ ಬಾಂಡಲಿ ಹೊತ್ತು ಪಕ್ಕದಲ್ಲಿ ನಿಂತು ನಾನೇ ಕೇಳಿಸಿಕೊಂಡು ಕಲಿತೆ. ಕಲಿಸುವವರಿಲ್ಲ ಎಂದು ಗೊಣಗುವ ಮಕ್ಕಳಿಗೆ ಈ ಮಾತು.

ಇಷ್ಟು ದೊಡ್ಡ ಮೇಸ್ತ್ರಿ ಸಿಮೆಂಟಿನ ಮುಂದೆ ಹೇಗೆ ಮಣ್ಣು ಮುಕ್ಕಿದ ಎಂಬುದನ್ನೂ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಅಲ್ಲಿಯವರೆಗೆ ನಮ್ಮದು ಸುಣ್ಣದ ಗಾರೆ. ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ, ಒದ್ದೆ ಗೋಣಿ ಮುಚ್ಚಿ ದಿನಗಟ್ಟಲೆ ನೆನೆಸಿದಷ್ಟೂ ಒಳ್ಳೆಯದು. ಮೊದಲ ಸಲ ನಾಲ್ಕು ಮೂಟೆ ಸಿಮೆಂಟು ಎತ್ತಿನ ಗಾಡಿಯಲ್ಲಿ ಬಂತು. ಮಾರಯ್ಯ ನಾಲ್ಕನ್ನೂ ಮರಳಿನ ಜೊತೆ ಕಲೆಸಿಸಿ, ಮೇಲೆ ಒಂದು ಕೊಡ ಬೆಲ್ಲದ ನೀರನ್ನೂ ಸುರಿಸಿ, ಒದ್ದೆ ಗೋಣಿ ಹೊದಿಸಿ, ನಾಳೆ ಹೊತ್ತಿಗೆ ಬೆಣ್ಣೆ ಆಗಿರುತ್ತದೆ ಎಂದು ಹೇಳಿ ಮನೆಗೆ ಹೋದ. ಅದು ಬೆಣ್ಣೆಯಾಗಲಿಲ್ಲ. ಮೂರು ದಿನ ಮೆತ್ತಗೇ ಕೂತಿತ್ತು, ಆಮೇಲೆ ಒಂದೇ ಗುಡ್ಡೆಯಾಗಿ ಕಲ್ಲಾಯಿತು.

“ಏನ್ಲಾ ಇದು, ಗೋಣಿನೂ ನುಂಗ್ಬುಟ್ಟದಲ್ಲ!” ಎಂದು ಮಾರಯ್ಯ ಅದನ್ನು ಹಾರೆಯಲ್ಲಿ ಕುಟ್ಟಿದ. ನಾವು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಆ ಗುಡ್ಡೆ ಬಹಳ ವರ್ಷ ಅಲ್ಲೇ ಬಿದ್ದಿತ್ತು, ದನ ಮೈ ಉಜ್ಜಿಕೊಳ್ಳುತ್ತಿದ್ದವು. ಸುಣ್ಣ ನಮಗಾಗಿ ಕಾಯುತ್ತಿತ್ತು, ಸಿಮೆಂಟು ಯಾರಿಗೂ ಕಾಯುವುದಿಲ್ಲ ಎಂಬುದನ್ನು ನಾವೆಲ್ಲ ಹೀಗೆ ಕಲಿತೆವು.

ಇಷ್ಟು ನಗೆಯಾಯಿತು. ಇನ್ನು ಹೇಳುವುದು ನನ್ನ ತಪ್ಪು.

ಚಾಮರಾಜನಗರದ ಪೇಟೆ ಬೀದಿಯಲ್ಲಿ ದವಸದ ವ್ಯಾಪಾರ ಮಾಡುತ್ತಿದ್ದ ಮನೆತನದ ಒಂದು ತೊಟ್ಟಿಮನೆ ಇತ್ತು. ಸಂತೆಯ ದಿನ ಸುತ್ತಲ ಹಳ್ಳಿಯ ಗಾಡಿಗಳೆಲ್ಲ ಆ ಮನೆಯ ಮುಂದೆ ನಿಲ್ಲುತ್ತಿದ್ದವು. ಯಜಮಾನರು ಶಿವಮಲ್ಲಪ್ಪನವರು. ತಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು, ಅವನ ಹೆಂಡತಿ ಗೌರಮ್ಮ ಅದೇ ಮನೆಯಲ್ಲಿದ್ದರು. ಮೈಸೂರಿಗೆ ಹೋಗಿ ವ್ಯಾಪಾರ ಮಾಡಬೇಕೆಂದು ಯಜಮಾನರಿಗೆ ಹಟ ಹಿಡಿದಿತ್ತು. ಮನೆ ಮಾರಲು ತೀರ್ಮಾನ ಮಾಡಿದರು. ಇದ್ದ ಹಾಗೆ ಮಾರಿದರೆ ಹಳೆಯದೆಂದು ಮೂಗು ಮುರಿಯುತ್ತಾರೆ, ಹೊಸದು ಮಾಡಿ ಮಾರಬೇಕು ಎಂದು ಮಾರಯ್ಯನನ್ನು ಕರೆಸಿದರು.

ನಾವು ಹೊಸದು ಮಾಡಿದೆವು. ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದೆವು. ಬೀದಿ ಬಾಗಿಲಿನ ಪಕ್ಕದ ಪಡಸಾಲೆಯಲ್ಲಿ ಒಂದು ಅಡ್ಡಗೋಡೆ ಇತ್ತು, ಅದನ್ನು ಕೆಡವಿ ವಿಶಾಲ ಮಾಡಿದೆವು. ಅಲ್ಲಿ ಮೂರು ಕಂಬವಿದ್ದವು, ಬೀದಿ ಬಾಗಿಲ ಹತ್ತಿರದ ಮೊದಲನೆಯದನ್ನು ತೆಗೆದು ತೊಲೆ ಕೊಟ್ಟೆವು. ಗೋಡೆಗೆಲ್ಲ ಸಿಮೆಂಟು. ನೆಲಕ್ಕೆ ಕೆಂಪು ಪುಡಿ ಬೆರೆಸಿದ ಸಿಮೆಂಟಿನ ಕೆಂಪು ನೆಲ, ಆಗ ಅದು ಬಹಳ ದೊಡ್ಡ ಷೋಕಿ. ಪಡಸಾಲೆಯ ನೆಲ ಹಾಕುವ ಎರಡು ದಿನ ಮುಂಚೆ ಮಾರಯ್ಯ ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಜಾರಿ ಬಿದ್ದು ಭುಜ ಕಳಚಿಕೊಂಡ. ಉಳಿದ ಗಾರೆಯವರು ಬೇರೆ ಕೆಲಸಕ್ಕೆ ಹೋಗಿದ್ದರು. ಕೊಳ್ಳುವವರು ಬರುವ ದಿನ ನಿಗದಿಯಾಗಿತ್ತು. ಮಾರಯ್ಯ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತು, ಕರಣೆಯನ್ನು ನನ್ನ ಮುಂದೆ ನೂಕಿದ.

“ತಗ. ನೆಲ ಹೊಳೆದ್ರ ಇದು ನಿಂದೆ. ಇಲ್ದಿದ್ರ ನಾಳಿಂದ ಮತ್ತ ಬಾಂಡ್ಲಿ.”

ನನಗೆ ಆಗ ಇಪ್ಪತ್ತೆರಡು ವರ್ಷ. ಗಂಡ ಸಕ್ಕರೆ ಕಾಯಿಲೆಯಲ್ಲಿ ಮಲಗಿದ್ದ. ಕರಣೆ ಹಿಡಿದವರ ಕೂಲಿ ಬೇರೆ, ಅದಕ್ಕಿಂತ ಹೆಚ್ಚಾಗಿ ಅವರ ಮಾತಿನ ತೂಕ ಬೇರೆ. ಆ ಕಬ್ಬಿಣವನ್ನು ಎತ್ತಿಕೊಂಡೆ. ಸುಳ್ಳು ಹೇಳಿ ಏನಾಗಬೇಕು, ಅವತ್ತು ನನಗೆ ಬೇರೆ ಯಾವುದೂ ಬೇಕಿರಲಿಲ್ಲ, ಅದೊಂದೇ ಬೇಕಿತ್ತು.

ಹಳೆಯ ನೆಲ ಅಗೆದು ಮಟ್ಟ ಮಾಡುವಾಗ ಮೊದಲಿದ್ದ ಮೂರರಲ್ಲಿ ಎರಡನೆಯದಾದ ನಡುಗಂಬದ ಬುಡದಿಂದ ಮೂರು ಮೊಳ ದೂರದಲ್ಲಿ ಒಂದು ಚಪ್ಪಡಿ ಸಿಕ್ಕಿತು. ಹಗೇವಿನ ಬಾಯಿ. ನಿಮ್ಮಲ್ಲಿ ಎಷ್ಟು ಜನ ಹಗೇವು ನೋಡಿದ್ದೀರೋ ಕಾಣೆ. ನೆಲದೊಳಗೆ ಆಳು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಸುತ್ತ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯದು. ಸಾಮಾನ್ಯವಾಗಿ ಬೀದಿಯಲ್ಲೋ ಹಿತ್ತಿಲಲ್ಲೋ ಇರುತ್ತದೆ. ಇಲ್ಲಿ ಮನೆಯೊಳಗೇ ಇತ್ತು. ಹಗೇವಿನ ಬಾಯಿಯ ಮೇಲೆ ಯಾರೂ ನೆಲ ಹಾಕುವುದಿಲ್ಲ, ಮಂಚವನ್ನೂ ಹಾಕುವುದಿಲ್ಲ.

ಯಜಮಾನರು ಬಂದು ನೋಡಿದರು. “ಅದು ಪಾಳು ಹಗೇವು ಕಣ್ಲಾ ಮಾರ, ನಮ್ ತಾತನ ಕಾಲದ್ದು. ಒಳಗ ಏನೂ ಇಲ್ಲ. ಮುಚ್ಚಾಕ್ಬುಡಿ” ಎಂದು ಹೇಳಿ ಹೋದರು.

ನಾನು ಬಗ್ಗಿ ನೋಡಿದೆ. ಚಪ್ಪಡಿಯ ಸುತ್ತ ಮೆತ್ತಿದ್ದ ಮಣ್ಣು ಹಳೆಯದಲ್ಲ. ಮೇಲೆ ಸಗಣಿ ಸಾರಿಸಿತ್ತು, ನಡುವೆ ವಿಭೂತಿಯ ಮೂರು ಗೆರೆ ಇನ್ನೂ ಬೆಳ್ಳಗಿತ್ತು. ತಾತನ ಕಾಲದ ವಿಭೂತಿ ಹಾಗೆ ಉಳಿಯುವುದಿಲ್ಲ.

“ಮೇಸ್ತ್ರಿ, ಮಣ್ಣು ಹೊಸ್ದಾಗದ” ಎಂದೆ.

“ನಿನ್ ಕಣ್ಣು ನೆಲದ್ ಮ್ಯಾಲ ಇರ್ಲಿ ಕಣಮ್ಮಿ, ನೆಲದ್ ಒಳಕ್ಕ ಬ್ಯಾಡ” ಎಂದ ಮಾರಯ್ಯ. ಆಮೇಲೆ ತಾನೇ ಚಿಂತೆ ಮಾಡತೊಡಗಿದ. ಚಪ್ಪಡಿಯ ಮೇಲೆ ನೆಲ ಹಾಕಿದರೂ ತಟ್ಟಿದರೆ ಡಬ್ ಎನ್ನುತ್ತದೆ, ಕೊಳ್ಳುವವನು ಕಾಲು ಕುಟ್ಟಿ ನೋಡಿದರೆ ಗೊತ್ತಾಗುತ್ತದೆ ಎಂದ.

ಅದಕ್ಕೆ ಉಪಾಯ ಹೇಳಿದವಳು ನಾನು. ಇದನ್ನು ಮಾರಯ್ಯನ ತಲೆಗೆ ಕಟ್ಟುವುದಿಲ್ಲ, ಯಜಮಾನರ ತಲೆಗೂ ಕಟ್ಟುವುದಿಲ್ಲ. ಚಪ್ಪಡಿಯ ಮೇಲೆ ಒಂದು ಗೇಣು ಒದ್ದೆ ಮರಳನ್ನು ಬಡಿದು ಬಡಿದು ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಕಿದರೆ ಸದ್ದು ಮರಳಿನಲ್ಲೇ ಸತ್ತುಹೋಗುತ್ತದೆ ಎಂದೆ. ಮಾರಯ್ಯ ಕಣ್ಣರಳಿಸಿದ. ಅವನು ನನ್ನನ್ನು ಮೆಚ್ಚಿದ್ದು ಅದೇ ಮೊದಲು. ಆ ಮೆಚ್ಚುಗೆಗೆ ನಾನು ಹಿಗ್ಗಿಹೋದೆ. ಯಾರ ರಾಗಿ ಒಳಗಿದೆ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ.

ನೆಲ ಹಾಕಿದೆ. ಮೂರು ದಿನ ಮೊಣಕಾಲೂರಿ ಕೂತು ಕಲ್ಲಿನಲ್ಲಿ ತಿಕ್ಕಿದೆ, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಕಂಬದ ನೆರಳು ನೆಲದಲ್ಲಿ ನೀರಿನಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಯಜಮಾನರು ಒಂದು ನಿಂಬೆಹಣ್ಣು ತರಿಸಿ ನಡುಮಧ್ಯೆ ಇಟ್ಟರು. ಅದು ಅತ್ತಿತ್ತ ಒಂದು ಕಾಳಿನಷ್ಟೂ ಉರುಳಲಿಲ್ಲ. “ಮಾರ, ಒಳ್ಳೆ ಕೆಲಸ ಕಣ್ಲಾ” ಎಂದರು. ಮಾರಯ್ಯ ನನ್ನ ಹೆಸರು ಎತ್ತಲಿಲ್ಲ. ನೆಲ ಹಾಕಿದವಳು ಬಾಗಿಲಲ್ಲಿ ನಿಂತಿದ್ದಳು. ಆದರೆ ಸಂಜೆ ಕರಣೆಯನ್ನು ಕೇಳದೆ ನನ್ನ ಬಳಿಯೇ ಬಿಟ್ಟ.

ಒಳಗಿನ ಕೆಲಸ ಮುಗಿದ ಮಾರನೆಯ ದಿನ ಮೈಲಿಗೆ ಕಳೆಯಲೆಂದು ಮನೆಯಲ್ಲೆಲ್ಲ ಗಂಜಳ ಚಿಮುಕಿಸಿದರು. ಇದನ್ನೂ ನೀವು ತಿಳಿದಿರಬೇಕು. ಕೆಲಸ ನಡೆಯುವಾಗ ನಮ್ಮ ಜನ ದೇವರಮನೆಯ ಗೋಡೆಗೂ ಗಾರೆ ಬಳಿಯಬಹುದಿತ್ತು. ಮುಗಿದು ಗಂಜಳ ಬಿದ್ದ ಮೇಲೆ ಹೊಸ್ತಿಲು ದಾಟುವಂತಿರಲಿಲ್ಲ. ನಾನೇ ತಿಕ್ಕಿ ಹೊಳಪು ಬರಿಸಿದ ನೆಲವನ್ನು ನಾನು ಜಗಲಿಯಿಂದ ಕತ್ತು ಉದ್ದ ಮಾಡಿ ನೋಡಬೇಕಾಗಿತ್ತು. ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ, ಸಿಟ್ಟೂ ಬರಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ.

ಕೊಳ್ಳುವವರು ಬರುವ ಹಿಂದಿನ ದಿನ ಗೌರಮ್ಮ ಬಂದರು. ಅವರು ಐದು ತಿಂಗಳಿಂದ ಉಮ್ಮತ್ತೂರಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಮನೆ ಮಾರುವ ಸುದ್ದಿ ಯಾರೋ ಸಂತೆಯಿಂದ ಬಂದವರು ಹೇಳಿ, ಸಿಕ್ಕ ಬಸ್ಸು ಹತ್ತಿ ಬಂದಿದ್ದರು. ನಾನು ಹೊರಗೋಡೆಗೆ ಕೊನೆಯ ಸುಣ್ಣ ಹೊಡೆಯುತ್ತಿದ್ದೆ. ಪಡಸಾಲೆಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು.

“ನನ್ ಹಗೇವ್ ಎಲ್ಲೋಯ್ತು?”

ಆಗ ನನಗೆ ತಿಳಿಯಿತು. ಗೌರಮ್ಮನ ಗಂಡ ಸತ್ತಾಗ ಮನೆತನದ ಹಿರಿಯರು ಬಾಯಿಮಾತಿನಲ್ಲಿ ಪಾಲು ಮಾಡಿದ್ದರಂತೆ. ಜಮೀನೂ ಮನೆಯ ಉಳಿದ ಭಾಗವೂ ಅಣ್ಣ ಶಿವಮಲ್ಲಪ್ಪನವರದು. ಹಗೇವು ಗೌರಮ್ಮನದು, ಹಗೇವು ಇರುವ ಪಡಸಾಲೆಯೂ ಅದರಿಂದ ಬೀದಿ ಬಾಗಿಲವರೆಗಿನ ದಾರಿಯೂ ಹಗೇವು ಯಾರದೋ ಅವರದು. ಆ ಹಿರಿಯರು ಈಗ ಬದುಕಿರಲಿಲ್ಲ, ಕಾಗದವೂ ಇರಲಿಲ್ಲ. ಚಪ್ಪಡಿಯ ಮೇಲಿನ ಆ ವಿಭೂತಿಯ ಗೆರೆಯೇ ಕಾಗದ. ಹಗೇವು ಇಲ್ಲದಿದ್ದರೆ ಗೌರಮ್ಮನಿಗೆ ಆ ಮನೆಯಲ್ಲಿ ಕೂರಲು ಒಂದು ಮಣೆಯಷ್ಟು ಜಾಗವೂ ಇರಲಿಲ್ಲ, ಮಗಳ ಅತ್ತೆಮನೆಯ ಮೂಲೆಯೇ ಗತಿ. ನಾನು ಮುಚ್ಚಿದ್ದು ಅದನ್ನು.

ಸುಣ್ಣದ ಕುಂಚ ಕೈಯಲ್ಲಿ ಹಾಗೇ ಇತ್ತು. ಆದರೂ ಅವತ್ತು ನಾನು ಹೇಳಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡಿದ್ದ ಕರಣೆಯನ್ನು ಮುಟ್ಟಿ ನೋಡಿಕೊಂಡು ಚಂದಕವಾಡಿಗೆ ನಡೆದೆ. ಗಂಡನಿಗೆ ಹೇಳಿ, ಏನು ಮಾಡಲಿ ಎಂದು ಕೇಳಿದೆ. ಅವನು ಗೋಡೆ ಕಡೆ ಹೊರಳಿ, “ನಿಂಗ ಗೊತ್ತಿರೋದ್ನ ನನ್ನ ಯಾಕ್ ಕೇಳೀಯೆ?” ಎಂದ.

ಮಾರನೆಯ ಬೆಳಿಗ್ಗೆ ಗೌರಮ್ಮ ಬೀದಿಯ ಹಿರಿಯರು ಮೂವರನ್ನು ಕರೆಸಿದ್ದರು. ಕೊಳ್ಳಲು ಬಂದಿದ್ದ ಗುಂಡ್ಲುಪೇಟೆಯ ಹೊಗೆಸೊಪ್ಪಿನ ವ್ಯಾಪಾರಿ ಗುರುಸಿದ್ದಪ್ಪನವರೂ ಕೊಡೆ ಮಡಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ನಾನು, ಮಾರಯ್ಯ ಜಗಲಿಯಲ್ಲಿ. ಶಿವಮಲ್ಲಪ್ಪನವರು ಹೇಳಿದರು, ಹಗೇವು ಇದ್ದದ್ದು ನಿಜ, ಹಿತ್ತಿಲಲ್ಲಿತ್ತು, ತಾತನ ಕಾಲಕ್ಕೇ ಕುಸಿದು ಹೋಯಿತು, ಪಡಸಾಲೆಯಲ್ಲಿ ಯಾವ ಹಗೇವೂ ಇಲ್ಲ ಎಂದು. ಹಿರಿಯರಲ್ಲಿ ಒಬ್ಬರು ಊರುಗೋಲಿನಲ್ಲಿ ನೆಲವನ್ನು ಅಲ್ಲಲ್ಲಿ ಕುಟ್ಟಿ ನೋಡಿದರು. ಎಲ್ಲ ಕಡೆಯೂ ಒಂದೇ ಸದ್ದು. ನನ್ನ ಮರಳು ಚೆನ್ನಾಗಿ ಕೆಲಸ ಮಾಡಿತ್ತು. ಮಾರಯ್ಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

“ನೋಡವ್ವ ಗೌರಮ್ಮ” ಎಂದರು ಆ ಹಿರಿಯರು. “ಮಾರೋ ಮನ. ಇಡೀ ನೆಲ ಅಗ್ದಾಕಕ್ಕಾಗಲ್ಲ. ಒಂದೇ ಒಂದ್ ಕಡ ತೋರ್ಸು, ಅಗುಸ್ತೀವಿ. ಅಲ್ಲಿದ್ರ ನಿನ್ ಪಾಲು ನಿಂಗ. ಇಲ್ದಿದ್ರ ಇನ್ ಮಾತಾಡ್ಬ್ಯಾಡ, ಮಗಳ್ ಮನಗ ಓಗ್ಬುಡು.”

ಗೌರಮ್ಮ ಒಪ್ಪಿದರು. ಬೇರೆ ದಾರಿ ಏನಿತ್ತು? ಬರಿಗಾಲಿನಲ್ಲಿ ಪಡಸಾಲೆಯ ನಡುವೆ ಬಂದು ನಿಂತರು. ಹಿಮ್ಮಡಿಯಿಂದ ನೆಲವನ್ನು ಒತ್ತಿ ಒತ್ತಿ ಹುಡುಕುತ್ತಾ ಹೋದರು. ಆ ಬಿರುಕುಬಿಟ್ಟ ಹಿಮ್ಮಡಿ ನನ್ನ ಹೊಳೆಯುವ ನೆಲದ ಮೇಲೆ ಒಂದೊಂದೇ ಹೆಜ್ಜೆ ಜರುಗುತ್ತಿತ್ತು. “ಎರಡ್ನೇ ಕಂಬದಿಂದ ಮೂರು ಮೊಳ… ಅಡ್ಡಗ್ವಾಡೆ ಇತ್ತಲ್ಲ, ಅದ್ರ ಈಚ್ಗ…” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಅಡ್ಡಗೋಡೆ ಇರಲಿಲ್ಲ. ಮೊದಲ ಕಂಬವನ್ನು ನಾವು ತೆಗೆದಿದ್ದೆವು. ಅವರು ಎರಡನೆಯದು ಎಂದು ಎಣಿಸಿ ಹಿಡಿದದ್ದು ಮೂರನೆಯ ಕಂಬವನ್ನು. ಅಲ್ಲಿಂದ ಮೂರು ಮೊಳ ಅಳೆದು ನಿಂತರು. ಅವರ ಕಾಲ ಕೆಳಗೆ ಗಟ್ಟಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

“ಇಲ್ಲೇ ಇತ್ತು…” ಎಂದು ತೋರಿಸಲು ಕೈ ಎತ್ತಿದರು.

ನಾನು ಹೊಸ್ತಿಲು ದಾಟಿದೆ. ಯೋಚನೆ ಮಾಡಿ ದಾಟಿದೆ ಎಂದರೆ ಸುಳ್ಳಾಗುತ್ತದೆ. ಅಗೆಯಲೆಂದು ತಂದಿಟ್ಟಿದ್ದ ಹಾರೆ ಬಾಗಿಲ ಪಕ್ಕದಲ್ಲೇ ಒರಗಿತ್ತು, ಅದನ್ನು ಎತ್ತಿಕೊಂಡು ನೆಟ್ಟಗೆ ಪಡಸಾಲೆಯೊಳಗೆ ನಡೆದೆ. ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ.

“ಏಯ್ ಮಾದಿ, ಒಳಕ್ಯಾಕ್ ಬಂದೆ? ಈಚ್ಗೋಗು!” ಎಂದು ಯಜಮಾನರು ಕೂಗಿದರು.

“ಓಯ್ತೀನಿ ಬುದ್ಧಿ” ಎಂದೆ. “ನಾನು ಮಡಗಿರೋದ್ನ ತಗ್ದ್ಬುಟ್ಟು ಓಯ್ತೀನಿ.”

ನಡುಗಂಬದಿಂದ ಮೂರು ಮೊಳ, ಗೋಡೆಯಿಂದ ಎರಡೂವರೆ. ಕಣ್ಣು ಮುಚ್ಚಿದರೂ ನನಗೆ ಗೊತ್ತಿದ್ದ ಜಾಗ. ಹಾರೆ ಎತ್ತಿ ಹಾಕಿದೆ. ಕೆಂಪು ನೆಲ ಸುಲಭಕ್ಕೆ ಒಡೆಯಲಿಲ್ಲ, ಅಷ್ಟು ಚೆನ್ನಾಗಿ ಹಾಕಿದ್ದೆ. ಮೂರನೆಯ ಏಟಿಗೆ ಬಿರಿಯಿತು, ಚೂರು ಹಾರಿ ಮೊಣಕಾಲಿಗೆ ಬಡಿದು ರಕ್ತ ಬಂತು. ಯಾರೋ ನನ್ನ ರಟ್ಟೆ ಹಿಡಿಯಲು ಬಂದರು. ಮುಟ್ಟಿದರೆ ಮೈಲಿಗೆಯಾಗುತ್ತದೆ ಎಂದು ನೆನಪಾಗಿ ಹಿಂದೆ ಸರಿದರು. ಆವತ್ತು ಅದು ನನಗೆ ಅನುಕೂಲಕ್ಕೇ ಬಂತು. ಇಟ್ಟಿಗೆ ಗಾರೆ ಕಿತ್ತು, ಮರಳನ್ನು ಕೈಯಿಂದ ಬಾಚಿ ಬಾಚಿ ಹಾಕಿದೆ. ಚಪ್ಪಡಿ ಕಂಡಿತು. ವಿಭೂತಿಯ ಗೆರೆ ಒದ್ದೆ ಮರಳಿನಿಂದ ಮಸುಕಾಗಿತ್ತು, ಹೋಗಿರಲಿಲ್ಲ.

ಚಪ್ಪಡಿ ಜರುಗಿಸಿದಾಗ ಎಲ್ಲರೂ ಬಗ್ಗಲು ಬಂದರು. ಬಗ್ಗಬೇಡಿ ಎಂದು ಕಿರುಚಿದೆ. ಮುಚ್ಚಿದ ಹಗೇವಿನ ಗಾಳಿ ಆಳನ್ನೇ ಕೊಲ್ಲುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟೆವು, ಎರಡು ಸಲ ಆರಿಹೋಯಿತು. ಮೂರನೆಯ ಸಲ ಆರಲಿಲ್ಲ. ಕೆಳಗೆ ರಾಗಿ ಕಂಡಿತು, ಒಣಗಿದ ಹೊಸ ರಾಗಿಯ ವಾಸನೆ ಮೇಲಕ್ಕೆ ಬಂತು. ಹಿರಿಯರು ಶಿವಮಲ್ಲಪ್ಪನವರ ಮುಖ ನೋಡಲಿಲ್ಲ. ಊರುಗೋಲು ಕುಟ್ಟಿದವರು, “ಪಡಸಾಲೆ ಗೌರಮ್ಮಂದು, ದಾರಿನೂ ಗೌರಮ್ಮಂದು, ಇದು ಕಾಗದದಾಗೂ ಬರೀಬೇಕು” ಎಂದಷ್ಟೇ ಹೇಳಿ ಎದ್ದರು.

ಗುರುಸಿದ್ದಪ್ಪನವರು ಕೊಡೆ ಬಿಚ್ಚಿದರು. “ನಾ ಮನ ತಗಳಕ್ಕ ಬಂದೆ ಸ್ವಾಮಿ, ಜಗಳ ತಗಳಕ್ಕಲ್ಲ” ಎಂದು ಹೊರಟುಹೋದರು.

ಗೌರಮ್ಮ ನನ್ನ ಹತ್ತಿರ ಬಂದರು. ನನ್ನನ್ನು ಕೊಂಡಾಡುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು.

“ನೀನಾ ಮುಚ್ದೋಳು?”

“ಊಂ ಕಣವ್ವ.”

“ಮರಳ್ ತುಂಬ್ದೋಳೂ ನೀನಾ?”

“ಊಂ.”

“ಯಾಕಮ್ಮಿ?”

“ಕರಣೆ ಆಸ್ಗ” ಎಂದೆ. ಅವರು ಹಗೇವಿನ ಬಾಯಿಯ ಪಕ್ಕ ಕೂತುಬಿಟ್ಟರು. ನಾನು ಹೊಸ್ತಿಲು ದಾಟಿ ಹೊರಗೆ ಬಂದೆ.

ಬೀದಿಯಲ್ಲಿ ಮಾರಯ್ಯ ಒಳ್ಳೆಯ ಕೈಯನ್ನು ಚಾಚಿ ನಿಂತಿದ್ದ. “ಕೊಡಮ್ಮಿ ಕರಣೆ. ನಿನ್ನಿಂದ ನಂಗೂ ಈ ಊರ್ನಾಗ ಕೆಲಸ ಇಲ್ದಂಗ್ ಮಾಡ್ಬುಟ್ಟೆ.” ಕೊಟ್ಟೆ. ನೆಲವನ್ನೇ ಒಡೆದ ಮೇಲೆ ಅದು ಅವನದು. “ಕೊಟ್ಟೀವ್ನಿ ಮೇಸ್ತ್ರಿ. ಆದ್ರ ನಾ ಬಾಂಡ್ಲಿ ಹೊರಕ್ಕ ಇನ್ ಬರಲ್ಲ” ಎಂದೆ. ಅವನು ನಕ್ಕ. ಹೆಂಗಸಿಗೆ ಯಾರು ಕರಣೆ ಕೆಲಸ ಕೊಡುತ್ತಾರೆ ಎಂದು ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಪೇಟೆಯಲ್ಲಿ ಯಾರೂ ಕೊಡಲಿಲ್ಲ. ಹೊಸ್ತಿಲು ದಾಟಿ ಮನೆ ಕೆಡಿಸಿದವಳು ಎಂದು ಬೈದವರೇ ಹೆಚ್ಚು. ನಾನು ಕಟ್ಟಿದ ಮನೆಗಳ ಮುಂದೆಯೇ ನನಗೆ ನಡೆದಾಡಲು ಬಿಡದ ಹಾಗೆ ಮಾತಾಡಿದರು. ನಾನೂ ಹಟಕ್ಕೆ ಬಿದ್ದು ದಿನಾ ಆ ಬೀದಿಯಲ್ಲೇ ನಡೆದೆ.

ಆಮೇಲೆ ಗುಂಡ್ಲುಪೇಟೆಗೆ ಹೋದೆ. ಗಂಡನನ್ನೂ ಬಸ್ಸಿನಲ್ಲಿ ಮಲಗಿಸಿಕೊಂಡೇ ಹೋದೆ. ಕೆಟ್ಟ ಲಾರಿಯ ಸ್ಪ್ರಿಂಗ್ ಪಟ್ಟಿ ಒಂದನ್ನು ಸಂಪಾದಿಸಿ, ಕುಲುಮೆಯವನ ಮುಂದೆ ಕೂತು ಬಡಿಸಿ, ನನ್ನ ಅಂಗೈ ಅಳತೆಗೆ ಕರಣೆ ಮಾಡಿಸಿದೆ. ಗಂಡಸರ ಕರಣೆಗಿಂತ ಎರಡು ಬೆರಳು ಚಿಕ್ಕದು. ಕೇರಳದ ಕಡೆಯಿಂದ ಬಂದಿದ್ದ ಗಾರೆಯವರು ಅದನ್ನು ನೋಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿ ನಕ್ಕರು. ಕೆಲಸ ಸಿಗದೆ ಕೆಲವು ತಿಂಗಳು ಹೊಗೆಸೊಪ್ಪಿನ ಮಂಡಿಯಲ್ಲಿ ಸೊಪ್ಪು ಕಟ್ಟಿದೆ. ಆ ಮಂಡಿ ಗುರುಸಿದ್ದಪ್ಪನವರದು ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಅವರು ನನ್ನ ಮುಂದೆ ನಿಂತರು.

“ನಿಂಬೇಹಣ್ಣು ಇಟ್ರೂ ಉರುಳಲ್ಲ ಅಂತ ಶಿವಮಲ್ಲಪ್ಪನವ್ರು ಹೇಳ್ತಿದ್ರಲ್ಲ, ಆ ನೆಲ ಹಾಕಿ, ನೀನೇ ಒಡೆದೋಳಲ್ವಾ?”

“ಊಂ ಬುದ್ಧಿ.”

“ನನ್ ಮನ ನೆಲ ಬಿರ್ದೋಗದ. ಬಂದು ನೋಡು. ಆದ್ರ ಒಂದ್ ಮಾತು, ಮುಚ್ಚಕ್ಕ ಮುಂಚ ಒಳಗೇನದ ಅಂತ ನನ್ ಕರ್ದು ತೋರುಸ್ಬೇಕು.”

ಅಷ್ಟೇ ಷರತ್ತು. ಆ ಊರಿನಲ್ಲಿ ನಾನು ಗಾರೆಯವಳಾದದ್ದು ಹೀಗೆ. ಅಂದಿನಿಂದ ಯಾವ ಮನೆಯಲ್ಲೇ ಆಗಲಿ, ಗೋಡೆಯೊಳಗಿನ ಬಿರುಕು, ನೆಲದೊಳಗಿನ ಹೊಂಡ, ಗೆದ್ದಲು ತಿಂದ ತೊಲೆ, ಮನೆಯವರನ್ನು ಕರೆದು ತೋರಿಸದೆ ನಾನು ಮುಚ್ಚಿಲ್ಲ. ಮಾರುವ ಮನೆಗಳವರು ಇದರಿಂದಲೇ ನನ್ನನ್ನು ಕರೆಯುತ್ತಿರಲಿಲ್ಲ. ಕರೆಯದಿದ್ದರೆ ಬಿಡಲಿ ಎಂದುಕೊಂಡೆ, ಇವತ್ತಿಗೂ ಹಾಗೇ ಅನ್ನುತ್ತೇನೆ. ಈಗ ನಿಮಗೂ ಮಾರುವ ಮನೆಗಳ ಕೆಲಸ ಬರುತ್ತದೆ. ಬಣ್ಣ ಬಳಿ, ಟೈಲ್ಸು ಹಾಕು, ಬೇಗ ಮುಚ್ಚು ಎನ್ನುತ್ತಾರೆ. ಆಗ ಈ ಮುದುಕಿಯನ್ನು ನೆನೆಸಿಕೊಳ್ಳಿ.

ಮೂರು ವರ್ಷದ ಮೇಲೆ ಬಸ್ಸಿನ ಕಂಡಕ್ಟರೊಬ್ಬ ಹುಡುಕಿಕೊಂಡು ಬಂದ. ಚಾಮರಾಜನಗರದ ಗೌರಮ್ಮ ಹೇಳಿಕಳಿಸಿದ್ದರು, ಬರಬೇಕಂತೆ. ಹೋದೆ. ಮನೆಯ ಉಳಿದ ಭಾಗವನ್ನು ಒಬ್ಬ ಜವಳಿ ವ್ಯಾಪಾರಿ ಕೊಂಡಿದ್ದ, ನಡುವೆ ಗೋಡೆ ಎದ್ದಿತ್ತು. ಪಡಸಾಲೆ, ಬೀದಿ ಬಾಗಿಲು ಗೌರಮ್ಮನಿಗೆ ಉಳಿದಿದ್ದವು. ಅವರು ಅಲ್ಲೇ ರಾಗಿ ಹಿಟ್ಟು, ಹುರಿಗಾಳು ಮಾರುತ್ತಿದ್ದರು. ನಾನು ಜಗಲಿಯ ಕೆಳಗೇ ನಿಂತೆ.

“ಒಳಕ್ಕ ಬಾ” ಎಂದರು.

ಹೋದೆ. ಹಗೇವಿನ ಸುತ್ತ ನಾನು ಒಡೆದ ನೆಲ ಹಾಗೇ ಇತ್ತು. ಯಾರಿಂದಲೂ ಮುಚ್ಚಿಸಿರಲಿಲ್ಲ, ಒಡೆದ ಅಂಚು ಕಾಲು ಬಡಿದು ಬಡಿದು ಸವೆದಿತ್ತು.

“ನೀನು ಒಡ್ದಿದ್ದುಕ್ಕಲ್ಲ ಕರ್ದಿದ್ದು” ಎಂದರು ಗೌರಮ್ಮ. “ಮುಚ್ಚಿದ್ಯಲ್ಲ, ಅದ್ನ ಸರಿ ಮಾಡಕ್ಕ ಕರ್ದೆ.”

ನಾನು ಕೆಂಪು ಪುಡಿ ತರಿಸುತ್ತೇನೆ, ಹಳೆಯ ಬಣ್ಣಕ್ಕೆ ಹೊಂದಿಸಿ ಗೊತ್ತೇ ಆಗದ ಹಾಗೆ ಹಾಕಿಕೊಡುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. “ಗೊತ್ತಾಗ್ಬೇಕು ಕಣಮ್ಮಿ. ನಂಗ ಕಣ್ಣು ಮಂಜಾಯ್ತಾ ಅದ. ಕಾಲ್ಗ ಗೊತ್ತಾಗ್ಬೇಕು.”

ಎರಡು ದಿನ ಕೂತು ಮಾಡಿದೆ. ಬಾಯಿಯ ಸುತ್ತ ಒಂದು ಬೆರಳು ಎತ್ತರಕ್ಕೆ ಕಲ್ಲಿನ ಅಂಚು ಕಟ್ಟಿದೆ, ಅಂಚಿನ ಹೊರಗೆ ಬಿಳಿಯ ಸುಣ್ಣದ ಗಾರೆ ಹಾಕಿದೆ. ಕೆಂಪು ನೆಲದ ನಡುವೆ ಅದು ತೇಪೆಯ ಹಾಗೆಯೇ ಕಾಣುತ್ತಿತ್ತು. ಸೊಗಸೇನೂ ಇರಲಿಲ್ಲ. ಹಾದು ಹೋಗುತ್ತಿದ್ದ ಮಾರಯ್ಯ ಬೀದಿಯಿಂದಲೇ ಇಣುಕಿ, “ಏನಮ್ಮಿ ಇದು, ಕೈ ಕೆಟ್ಟೋಯ್ತಾ?” ಎಂದ. ಹೌದು ಮೇಸ್ತ್ರಿ, ಹೀಗೇ ಇರಬೇಕು ಎಂದೆ. ಆ ನೆಲದಲ್ಲಿ ಈಗ ನಿಂಬೆಹಣ್ಣು ಇಟ್ಟರೆ ನಿಲ್ಲುವುದಿಲ್ಲ. ನೂರಾರು ಮನೆಗಳ ನುಣ್ಣನೆಯ ನೆಲ ನನ್ನ ಕೈಯಲ್ಲಿ ಆಗಿದೆ, ನಾನು ಎದೆ ತಟ್ಟಿ ನನ್ನದು ಎನ್ನುವುದು ಇದೊಂದನ್ನೇ.

ಗಾರೆ ಒಣಗಿದ ಮೇಲೆ ಗೌರಮ್ಮ ಬೀದಿ ಬಾಗಿಲಿನ ಹತ್ತಿರ ಹೋಗಿ ನಿಂತು ಕಣ್ಣು ಮುಚ್ಚಿಕೊಂಡರು. ನಾನು ಕೈ ಹಿಡಿಯಲು ಹೋದೆ, ಬೇಡ ಎಂದು ಸನ್ನೆ ಮಾಡಿದರು. ಬರಿಗಾಲಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದರು. ಹಿಮ್ಮಡಿ ಕಲ್ಲಿನ ಅಂಚಿಗೆ ತಾಗಿತು, ತಟಕ್ಕನೆ ನಿಂತರು.

“ಇಲ್ಲೇ ಅದ ಕಣಮ್ಮಿ” ಎಂದರು.